ತೆಂಗಿನಕಾಯಿ ಎದ್ದು ನಿಂತರೆ ಕೆಳಗೆ ನೀರಿದೆಯೇ? ನೆಲದ ಒಳಗನ್ನು ಮೇಲಿನಿಂದ ಓದುವ ಲೆಕ್ಕ

ಬೇಸಿಗೆ ಶುರುವಾಯಿತೆಂದರೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ವಿಡಿಯೋ ತಪ್ಪದೆ ಬರುತ್ತದೆ. ಒಬ್ಬರು ಅಂಗೈ ಮೇಲೆ ತೆಂಗಿನಕಾಯಿಯನ್ನು ಅಡ್ಡಲಾಗಿ ಮಲಗಿಸಿಕೊಂಡು ಹೊಲದಲ್ಲಿ ನಿಧಾನವಾಗಿ ನಡೆಯುತ್ತಾರೆ. ಕಾಯಿಯ ಜುಟ್ಟು ಬೆರಳುಗಳ ಕಡೆಗೆ. ಒಂದು ಜಾಗಕ್ಕೆ ಬಂದ ಕೂಡಲೇ ಕಾಯಿ ಯಾರೋ ಎಬ್ಬಿಸಿದ ಹಾಗೆ ಎದ್ದು ನಿಲ್ಲುತ್ತದೆ. ಸುತ್ತ ನಿಂತವರು ಅಲ್ಲಿ ಕಲ್ಲಿಡುತ್ತಾರೆ.

"ಎಷ್ಟಡಿಗೆ ಸಿಗ್ತೈತೆ ಸ್ವಾಮಿ?"

"ಇನ್ನೂರೈವತ್ತಕ್ಕೆ ಎರಡಿಂಚು ಬರ್ತೈತೆ ನೋಡಪ್ಪ. ಇನ್ನೂ ಕೆಳಕ್ಕೆ ಹೋದ್ರೆ ಮತ್ತೊಂದು ಸೆಲೆ ಐತೆ."

ವಿಡಿಯೋದ ಕೆಳಗೆ ಸಾಮಾನ್ಯವಾಗಿ ಮೂರು ಮಾತು ಇರುತ್ತವೆ. ನೆಲದಡಿ ಹರಿಯುವ ನೀರಿನ ಸೆಳೆತಕ್ಕೆ ಕಾಯಿ ಏಳುತ್ತದೆ. ಓ ಪಾಸಿಟಿವ್ ರಕ್ತ ಇರುವವರ ಕೈಯಲ್ಲಿ ಮಾತ್ರ ಏಳುತ್ತದೆ. ವಿಜ್ಞಾನಿಗಳ ಮಿಷನ್ ಫೇಲಾದರೂ ಇದು ಫೇಲಾಗುವುದಿಲ್ಲ. ಮೊದಲ ಎರಡು ಸುಳ್ಳು. ಮೂರನೆಯದರಲ್ಲಿ ಅರ್ಧ ನಿಜವಿದೆ: ಮಿಷನ್ ಕೂಡ ಫೇಲಾಗುತ್ತದೆ. ಏಕೆ ಫೇಲಾಗುತ್ತದೆ ಎಂಬುದರ ಹಿಂದೆ ಸುಮಾರು ನೂರು ವರ್ಷಗಳಿಂದ ಗಣಿತಜ್ಞರು ತಲೆ ಕೆಡಿಸಿಕೊಂಡಿರುವ ಒಂದು ದೊಡ್ಡ ಪ್ರಶ್ನೆ ಇದೆ. ಅದು ಗೊತ್ತಿದ್ದರೆ ಮುಂದಿನ ಬೋರಿಗೆ ದುಡ್ಡು ಹಾಕುವ ಮೊದಲು ಏನು ಕೇಳಬೇಕು ಎಂಬುದೂ ಗೊತ್ತಾಗುತ್ತದೆ. ಕೊರೆಯುವ ಕೂಲಿ, ಕೇಸಿಂಗ್ ಪೈಪು, ಮೋಟಾರು, ಕೇಬಲ್ಲು ಸೇರಿದರೆ ಒಂದು ಬೋರಿನ ಖರ್ಚು ಲಕ್ಷದ ಲೆಕ್ಕಕ್ಕೆ ಹೋಗುತ್ತದೆ. ಅಡಿಕೆ ತೋಟ ಒಣಗುತ್ತಿರುವಾಗ ಮೂರನೆಯದೋ ನಾಲ್ಕನೆಯದೋ ಬೋರಿಗೆ ಸಾಲ ಮಾಡುವವರಿಗೆ ಇದು ಬರೀ ಕುತೂಹಲದ ವಿಷಯವಲ್ಲ.

ಕಾಯಿ ಏಕೆ ಏಳುತ್ತದೆ?

ಕೈ ಎಬ್ಬಿಸುವುದರಿಂದ. ಇದು ಮೋಸ ಎಂದು ಹೇಳುತ್ತಿಲ್ಲ. ಪಾಯಿಂಟ್ ನೋಡುವವರಲ್ಲಿ ಹೆಚ್ಚಿನವರು ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ. ನಮ್ಮ ಸ್ನಾಯುಗಳು ನಮಗೇ ಅರಿವಿಲ್ಲದೆ, ಮನಸ್ಸಿನ ನಿರೀಕ್ಷೆಗೆ ತಕ್ಕಂತೆ ಸಣ್ಣದಾಗಿ ಅಲುಗುತ್ತವೆ. ಫ್ರಾನ್ಸಿನ ರಸಾಯನ ವಿಜ್ಞಾನಿ ಷೆವ್ರೆಲ್ 1833ರಲ್ಲೇ ದಾರಕ್ಕೆ ಕಟ್ಟಿದ ಲೋಲಕದ ಮೇಲೆ ಪ್ರಯೋಗ ಮಾಡಿ, ಕಣ್ಣು ಮುಚ್ಚಿದರೆ ಲೋಲಕದ 'ಶಕ್ತಿ' ನಿಂತುಹೋಗುತ್ತದೆ ಎಂದು ತೋರಿಸಿದ್ದರು. 1852ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಕಾರ್ಪೆಂಟರ್ ಇದಕ್ಕೆ ಐಡಿಯೋಮೋಟಾರ್ ಎಂಬ ಹೆಸರು ಕೊಟ್ಟರು. ಅಂಗೈ ಮೇಲೆ ಮಲಗಿದ ಗುಂಡನೆಯ ಕಾಯಿ ಮೊದಲೇ ಅಸ್ಥಿರ. ಬೆರಳು ಒಂದಿಷ್ಟು ಮೇಲಾದರೆ, ಮಣಿಕಟ್ಟು ಒಂದಿಷ್ಟು ಕೆಳಗಾದರೆ ಅದು ಹೊರಳಿ ನಿಲ್ಲುತ್ತದೆ. ಬೇವಿನ ಕವಲುಕಡ್ಡಿ, ತಾಮ್ರದ ಎಲ್ ಕಡ್ಡಿ, ದಾರಕ್ಕೆ ಕಟ್ಟಿದ ಕೀಲಿಕೈ ಗೊಂಚಲು ಎಲ್ಲದರದ್ದೂ ಇದೇ ಕತೆ: ಕೈಯ ಸಣ್ಣ ಅಲುಗಾಟವನ್ನು ದೊಡ್ಡದು ಮಾಡಿ ತೋರಿಸುವ ವಸ್ತುಗಳು.

ರಕ್ತದ ಗುಂಪಿನ ಮಾತು ಇನ್ನೂ ಸುಲಭ. ಓ, ಎ, ಬಿ ಎಂಬುದು ಕೆಂಪು ರಕ್ತಕಣದ ಮೇಲ್ಮೈಯಲ್ಲಿರುವ ಸಕ್ಕರೆ ಅಣುಗಳ ವ್ಯತ್ಯಾಸ. ಪಾಸಿಟಿವ್ ಎಂದರೆ ಬ್ಯಾಟರಿಯ ಪಾಸಿಟಿವ್ ಅಲ್ಲ, ಒಂದು ಪ್ರೋಟೀನು ಇದೆ ಎಂದು ಮಾತ್ರ. ಓ ಪಾಸಿಟಿವ್ ನಮ್ಮಲ್ಲಿ ಬಹಳ ಜನರಿಗಿರುವ ಗುಂಪಾದ್ದರಿಂದ 'ಅವರ ಕೈಲಿ ಆಯ್ತು, ಅವರದು ಓ ಪಾಸಿಟಿವ್' ಎನ್ನುವ ಸಾಕ್ಷಿ ಎಲ್ಲಿ ಬೇಕಾದರೂ ಸಿಗುತ್ತದೆ.

ಆದರೆ ನಮ್ಮ ಮಾವನ ಹೊಲದಲ್ಲಿ ನೀರು ಬಂತಲ್ಲ?

ಬಂದಿರಬಹುದು. ಪ್ರಶ್ನೆ ಇದು: ಕಾಯಿ ಹಿಡಿಯದೆ ಅದೇ ಹೊಲದಲ್ಲಿ ಕಣ್ಣು ಮುಚ್ಚಿ ಕಲ್ಲು ಎಸೆದು, ಬಿದ್ದಲ್ಲಿ ಕೊರೆಸಿದ್ದರೆ ಬರುತ್ತಿರಲಿಲ್ಲವೇ? ಉದಾಹರಣೆಗೆ, ಒಂದು ಊರಿನಲ್ಲಿ ಎಲ್ಲಿ ಕೊರೆದರೂ ಹತ್ತಕ್ಕೆ ಆರು ಕಡೆ ಅಷ್ಟೋ ಇಷ್ಟೋ ನೀರು ಸಿಗುತ್ತದೆ ಎಂದುಕೊಳ್ಳಿ. ಅಲ್ಲಿ ಕಾಯಿಯವರಿಗೂ ಹತ್ತಕ್ಕೆ ಆರು ಯಶಸ್ಸು ಸಿಗುತ್ತದೆ. ಆ ಆರು ಮನೆಯವರು ಊರಿಗೆಲ್ಲ ಹೇಳುತ್ತಾರೆ. ಉಳಿದ ನಾಲ್ವರು 'ನಮ್ಮ ಗ್ರಹಚಾರ' ಎಂದು ಸುಮ್ಮನಾಗುತ್ತಾರೆ. ಬೋರು ಫೇಲಾದ ವಿಡಿಯೋ ಮಾಡಿ ಹಾಕುವವರು ಯಾರು?

ಅನುಭವಿ ಪಾಯಿಂಟಿನವರು ಕಾಯಿಯ ಜೊತೆಗೆ ಕಣ್ಣನ್ನೂ ಬಳಸುತ್ತಾರೆ ಎಂಬುದನ್ನು ಮರೆಯಬಾರದು. ತಗ್ಗು ಎಲ್ಲಿದೆ, ಹಳ್ಳ ಯಾವ ಕಡೆ ತಿರುಗಿದೆ, ಬೇಸಿಗೆಯಲ್ಲೂ ಹಸಿರಾಗಿರುವ ಮರ ಯಾವುದು, ಹುತ್ತ ಎಲ್ಲಿದೆ. ಆರನೆಯ ಶತಮಾನದ ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲಿ ಮರ ಮತ್ತು ಹುತ್ತಗಳನ್ನು ನೋಡಿ ಅಂತರ್ಜಲ ಊಹಿಸುವುದಕ್ಕೇ ಒಂದು ಅಧ್ಯಾಯವಿದೆ. ಅದರಲ್ಲಿರುವ ಎಲ್ಲವೂ ಸರಿಯಲ್ಲ. ಆದರೆ ಗಿಡಮರ, ನೆಲದ ಏರುತಗ್ಗು ನೋಡುವುದು ಕಾಯಿ ನೋಡುವುದಕ್ಕಿಂತ ಸಾವಿರ ಪಾಲು ಮೇಲು.

ಕಣ್ಣಿನ ಸಹಾಯ ತೆಗೆದುಬಿಟ್ಟರೆ ಏನಾಗುತ್ತದೆ? 1987-88ರಲ್ಲಿ ಜರ್ಮನಿಯ ಮ್ಯೂನಿಕ್ ಬಳಿ ಇದನ್ನೇ ಪರೀಕ್ಷಿಸಿದರು. ಒಂದು ಹುಲ್ಲಿನ ಕೊಟ್ಟಿಗೆಯ ಕೆಳ ಅಂತಸ್ತಿನಲ್ಲಿ ಗಾಡಿಯ ಮೇಲೆ ನೀರು ಹರಿಯುವ ಪೈಪು. ಅದನ್ನು 10 ಮೀಟರ್ ಉದ್ದದ ಸಾಲಿನಲ್ಲಿ ಎಲ್ಲೋ ಒಂದು ಕಡೆ ನಿಲ್ಲಿಸುತ್ತಿದ್ದರು. ಮೇಲಿನ ಅಂತಸ್ತಿನಿಂದ ಕಡ್ಡಿ ಹಿಡಿದವರು ಪೈಪು ಎಲ್ಲಿದೆ ಎಂದು ಹೇಳಬೇಕು. ಸುಮಾರು 500 ಜನರನ್ನು ನೋಡಿ, ಅವರಲ್ಲಿ ಅತ್ಯುತ್ತಮರೆಂದು ಆರಿಸಿದ 43 ಜನರನ್ನು 843 ಬಾರಿ ಪರೀಕ್ಷಿಸಿದರು. ಪ್ರಯೋಗ ಮಾಡಿದವರು ಕೆಲವರಿಗೆ ನಿಜವಾಗಿ ಶಕ್ತಿಯಿದೆ ಎಂದರು. ಅದೇ ಅಂಕಿಅಂಶವನ್ನು ಮತ್ತೆ ಲೆಕ್ಕ ಹಾಕಿದ ವಿಜ್ಞಾನಿ ಜೇಮ್ಸ್ ಎನ್‌ರೈಟ್, ಸಾಲಿನ ಮಧ್ಯಬಿಂದುವನ್ನೇ ಪ್ರತಿಸಲ ಊಹೆಯಾಗಿ ಹೇಳಿದ್ದರೂ ಹೆಚ್ಚುಕಡಿಮೆ ಇಷ್ಟೇ ಸರಿಯಾಗುತ್ತಿತ್ತು ಎಂದು ತೋರಿಸಿದರು.

ನಿಮ್ಮೂರಲ್ಲೇ ಪರೀಕ್ಷೆ ಮಾಡಬಹುದು, ಖರ್ಚಿಲ್ಲದೆ. ಪಾಯಿಂಟ್ ತೋರಿಸಿದವರ ಕಣ್ಣಿಗೆ ಟವೆಲ್ ಕಟ್ಟಿ, ನಾಲ್ಕು ಸುತ್ತು ಸುತ್ತಾಡಿಸಿ, ಅದೇ ಹೊಲದಲ್ಲಿ ಮತ್ತೆ ನಡೆಸಿ. ಕಾಯಿ ಮೊದಲಿನ ಕಲ್ಲಿನ ಮೇಲೇ ಎದ್ದರೆ ಮಾತಾಡೋಣ.

ಅದೇ ಕಾಯಿಯನ್ನು ಬೆರಳಿನಿಂದ ಬಡಿಯಿರಿ

ತೆಂಗಿನಕಾಯಿಗೆ ಭವಿಷ್ಯ ಗೊತ್ತಿಲ್ಲ ಎಂದ ಮಾತ್ರಕ್ಕೆ ಅದು ಏನೂ ಹೇಳುವುದಿಲ್ಲ ಎಂದಲ್ಲ. ಹೊಸದುರ್ಗ ಸಂತೆಯಲ್ಲಿ ಕಾಯಿ ಕೊಳ್ಳುವವರು ಒಂದು ಕಾಯಿಗೆ ಇನ್ನೊಂದನ್ನು ತಟ್ಟಿ ನೋಡುತ್ತಾರೆ. ಸದ್ದು ಕೇಳಿ ಎಳೆಯದೋ ಬಲಿತದ್ದೋ ಹೇಳುತ್ತಾರೆ. ಅಲ್ಲಾಡಿಸಿ, ಉಂಡೆ ಕೊಬ್ಬರಿ ಒಳಗೆ ಬಿಟ್ಟುಕೊಂಡಿದೆಯೋ ಇಲ್ಲವೋ ತಿಳಿಯುತ್ತಾರೆ. ಮಡಕೆ ಕೊಳ್ಳುವಾಗ ಅಜ್ಜಿ ಬೆರಳ ಗೆಣ್ಣಿನಿಂದ ಬಡಿದು, ಠಣ್ ಎಂದರೆ ತಗೊಂಡು ಟಪ್ ಎಂದರೆ ವಾಪಸ್ ಇಡುತ್ತಿದ್ದುದು ನಿಮಗೆ ನೆನಪಿರಬಹುದು. ಕಾಯಿಯನ್ನು ಒಡೆಯದೆ, ಮಡಕೆಗೆ ನೀರು ಹಾಕದೆ, ಹೊರಗಿನ ಸದ್ದಿನಿಂದ ಒಳಗಿನ ಸ್ಥಿತಿ ತಿಳಿಯುವುದು.

ಗಣಿತದಲ್ಲಿ ಇದಕ್ಕೆ ವಿಲೋಮ ಸಮಸ್ಯೆ ಎನ್ನುತ್ತಾರೆ. ವಸ್ತು ಗೊತ್ತಿದ್ದು ಅದರ ಸ್ವರ ಕಂಡುಹಿಡಿಯುವುದು ನೇರ ಲೆಕ್ಕ. ಸ್ವರ ಗೊತ್ತಿದ್ದು ವಸ್ತು ಕಂಡುಹಿಡಿಯುವುದು ವಿಲೋಮ ಲೆಕ್ಕ. ಒಂದು ವಸ್ತು ಯಾವ ಯಾವ ಸ್ವರದಲ್ಲಿ ಮಿಡಿಯಬಲ್ಲದು ಎಂಬ ಪಟ್ಟಿಗೆ ರೋಹಿತ ಎಂದು ಹೆಸರು. ಆದ್ದರಿಂದ ಸ್ವರಪಟ್ಟಿಯಿಂದ ವಸ್ತುವಿಗೆ ಹೋಗುವ ಲೆಕ್ಕ 'ವಿಲೋಮ ರೋಹಿತ ಸಮಸ್ಯೆ'. ಹೆಸರು ಕೇಳಿ ಹೆದರಬೇಡಿ, ಅಜ್ಜಿ ಮಡಕೆ ಬಡಿದದ್ದು ಇದನ್ನೇ.

ಪಟ್ಟಿ ಪೂರ್ತಿ ಸಿಕ್ಕಿದರೆ ವಸ್ತು ಒಂದೇ ಒಂದು ಎಂದು ಖಾತ್ರಿಯೇ? ಇಲ್ಲಿಂದ ಕತೆ ಸ್ವಾರಸ್ಯ. 1929ರಲ್ಲಿ ಸೋವಿಯತ್ ಒಕ್ಕೂಟದ ಖಗೋಳ ವಿಜ್ಞಾನಿ ವಿಕ್ತರ್ ಅಂಬರ್ತ್ಸುಮಿಯನ್ ಒಂದು ಸರಳ ಅವಕಲ ಸಮೀಕರಣಕ್ಕೆ 'ಹೌದು' ಎಂಬ ಉತ್ತರ ಕೊಟ್ಟರು: ಏಕರೂಪದ ವಸ್ತುವಿನ ಸ್ವರಪಟ್ಟಿಯೇ ಬಂದರೆ ಆ ವಸ್ತು ನಿಜವಾಗಿ ಏಕರೂಪದ್ದೇ. ಆದರೆ ಅದು ಒಂದು ವಿಶೇಷ ಸಂದರ್ಭ. ಸಾಮಾನ್ಯವಾಗಿ ಒಂದು ಪಟ್ಟಿ ಸಾಲದು. ಕಾರಣ ನೋಡಲು ಗಣಿತ ಬೇಡ. ಎರಡೂ ತುದಿ ಬಿಗಿದ ಒಂದು ತಂತಿ, ಎಡಗಡೆ ದಪ್ಪ, ಬಲಗಡೆ ಸಣ್ಣ. ಅದನ್ನು ಬಿಚ್ಚಿ ತಿರುಗಿಸಿ ಕಟ್ಟಿ: ಈಗ ಬಲಗಡೆ ದಪ್ಪ. ಸ್ವರಗಳು ಒಂದಿಷ್ಟೂ ಬದಲಾಗುವುದಿಲ್ಲ. ಹಾಗಾದರೆ ಸ್ವರ ಕೇಳಿ ದಪ್ಪ ಯಾವ ಕಡೆ ಎಂದು ಹೇಳುವುದು ಹೇಗೆ? 1946ರಲ್ಲಿ ಸ್ವೀಡನ್ನಿನ ಗೋರಾನ್ ಬೋರ್ಗ್ ದಾರಿ ತೋರಿಸಿದರು. ಒಂದು ತುದಿಯ ಕಟ್ಟುವ ರೀತಿ ಬದಲಿಸಿ ಇನ್ನೊಮ್ಮೆ ಮೀಟಿ, ಎರಡನೆಯ ಪಟ್ಟಿ ಮಾಡಿ. ಎರಡೂ ಪಟ್ಟಿ ಸೇರಿದರೆ ಉತ್ತರ ಒಂದೇ. ಪಟ್ಟಿಯಿಂದ ವಸ್ತುವನ್ನು ನಿಜವಾಗಿ ಕಟ್ಟಿಕೊಡುವ ವಿಧಾನವನ್ನು 1951ರಲ್ಲಿ ಗೆಲ್ಫಂಡ್ ಮತ್ತು ಲೆವಿತನ್ ಬರೆದರು.

ಒಂದು ತಂತಿಯ ಜಾಗದಲ್ಲಿ ಎರಡು ತಂತಿ ಇಟ್ಟು, ಅವುಗಳ ನಡುವೆ ಉದ್ದಕ್ಕೂ ಸಣ್ಣ ಸ್ಪ್ರಿಂಗ್ ಕಟ್ಟಿದರೆ ತಲೆನೋವು ಹೆಚ್ಚುತ್ತದೆ. ಒಂದು ಅಲುಗಿದರೆ ಇನ್ನೊಂದೂ ಅಲುಗುತ್ತದೆ. ಸಮೀಕರಣ ಒಂದಲ್ಲ, ಜೋಡಿ. ಪ್ರತಿ ಬಿಂದುವಿನಲ್ಲಿ ಕಂಡುಹಿಡಿಯಬೇಕಾದ್ದು ಒಂದು ಸಂಖ್ಯೆಯಲ್ಲ, ಮೂರು: ಎಡ ತಂತಿಯದು, ಬಲ ತಂತಿಯದು, ನಡುವಿನ ನಂಟಿನದು. ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಅದಲುಬದಲು ಮಾಡಿದರೂ ಸ್ವರಪಟ್ಟಿ ಅದೇ. ಇಂಥ ಸಮೀಕರಣಗಳ ಗುಂಪಿಗೆ ಎಷ್ಟು ಪಟ್ಟಿ, ಯಾವ ಬಗೆಯ ಪಟ್ಟಿ ಬೇಕು ಎಂಬುದರ ಮೇಲೆ ಇಂದಿಗೂ ಸಂಶೋಧನೆ ನಡೆಯುತ್ತಿದೆ. ನೆಲ ಕಂಪಿಸುವಾಗ ಆಗುವುದೂ ಜೋಡಿ ಲೆಕ್ಕವೇ. ಅಲ್ಲಿ ಒತ್ತುವ ಅಲೆ ಮತ್ತು ಅಡ್ಡ ಅಲೆ ಪದರ ಬದಲಾದಲ್ಲೆಲ್ಲ ಒಂದು ಇನ್ನೊಂದಾಗುತ್ತವೆ.

ತಂತಿಯ ಬದಲು ಚರ್ಮವಾದ್ಯ ತೆಗೆದುಕೊಂಡರೆ? 1966ರಲ್ಲಿ ಮಾರ್ಕ್ ಕಾಚ್ ಎಂಬ ಗಣಿತಜ್ಞ, ಡೋಲಿನ ಆಕಾರವನ್ನು ಕಿವಿಯಿಂದ ಕೇಳಬಹುದೇ ಎಂಬ ಪ್ರಶ್ನೆಯನ್ನೇ ತಲೆಬರಹ ಮಾಡಿ ಒಂದು ಲೇಖನ ಬರೆದರು. ಡೋಲಿನ ವಿಸ್ತೀರ್ಣ ಕೇಳಿಸುತ್ತದೆ ಎಂದು ಹರ್ಮನ್ ವೈಲ್ 1911ರಲ್ಲೇ ತೋರಿಸಿದ್ದರು. ಆಕಾರ? 26 ವರ್ಷ ಉತ್ತರ ಸಿಗಲಿಲ್ಲ. 1992ರಲ್ಲಿ ಗಾರ್ಡನ್, ವೆಬ್, ವೋಲ್ಪರ್ಟ್ ಎಂಬ ಮೂವರು ಎರಡು ಬೇರೆ ಬೇರೆ ಆಕಾರದ, ತಲಾ ಎಂಟು ಅಂಚಿನ 'ಡೋಲು'ಗಳನ್ನು ಕಾಗದದ ಮೇಲೆ ಬರೆದು, ಎರಡರ ಸ್ವರಪಟ್ಟಿಯೂ ಸಂಪೂರ್ಣ ಒಂದೇ ಎಂದು ಸಾಧಿಸಿದರು. ಎರಡು ವರ್ಷದ ಬಳಿಕ ಅಮೆರಿಕದಲ್ಲಿದ್ದ ಶ್ರೀನಿವಾಸ್ ಶ್ರೀಧರ್ ಮತ್ತು ಕುದ್ರೋಲಿ ಆ ಎರಡು ಆಕಾರದ ಲೋಹದ ಪೆಟ್ಟಿಗೆ ಮಾಡಿಸಿ, ಮೈಕ್ರೋವೇವ್ ಹಾಯಿಸಿ ಅಳೆದರು. ಪಟ್ಟಿಗಳು ಹೊಂದಿದವು.

ವಿಲೋಮ ಲೆಕ್ಕವನ್ನು ಕೈಯಿಂದಲೇ ಬಿಡಿಸಿದವರು ನಮ್ಮಲ್ಲೂ ಇದ್ದಾರೆ. ಬರೀ ಚರ್ಮ ಬಿಗಿದ ಡೋಲಿನ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ, ಅದಕ್ಕೇ ಅದು ಸದ್ದು, ನಾದವಲ್ಲ. ಮೃದಂಗ ಮಾಡುವವರು ಚರ್ಮದ ನಡುವೆ ಪದರ ಪದರವಾಗಿ ಕಪ್ಪು ಕರಣೆ ಹಾಕುತ್ತಾರೆ. ಕರಣೆ ಎಷ್ಟು ದಪ್ಪ, ಎಷ್ಟು ಅಗಲ ಎಂಬುದನ್ನು ತಲೆಮಾರುಗಳ ಕಿವಿಯೇ ತೀರ್ಮಾನಿಸಿದೆ. ಹಾಗೆ ಮಾಡಿದಾಗ ಮೇಲಿನ ಸ್ವರಗಳು ಮೂಲ ಸ್ವರದ ಎರಡರಷ್ಟು, ಮೂರರಷ್ಟು ಎಂಬಂತೆ ಸಾಲಾಗಿ ಕೂರುತ್ತವೆ. ಇದನ್ನು ಅಳೆದು ಜಗತ್ತಿಗೆ ಹೇಳಿದವರು ಸಿ.ವಿ. ರಾಮನ್: ಮೊದಲು 1920ರಲ್ಲಿ ಶಿವಕಾಳಿ ಕುಮಾರ್ ಜೊತೆ, ಆಮೇಲೆ ವಿಸ್ತಾರವಾಗಿ 1934ರಲ್ಲಿ, ಬೆಂಗಳೂರಿಗೆ ಬಂದ ಮರುವರ್ಷ. ಬೇಕಾದ ಸ್ವರಪಟ್ಟಿಯನ್ನು ಮೊದಲೇ ಇಟ್ಟುಕೊಂಡು ಅದಕ್ಕೆ ತಕ್ಕ ವಸ್ತು ಕಟ್ಟುವುದು, ಸಮೀಕರಣ ಬರೆಯದೆ.

ನೆಲವನ್ನು ಬಡಿಯುವುದು ಹೇಗೆ?

ಈಗ ಹೊಲಕ್ಕೆ ವಾಪಸ್. ಚಿತ್ರದುರ್ಗ ಜಿಲ್ಲೆಯ ಅಡಿಯಲ್ಲಿರುವುದು ಗಟ್ಟಿ ಕಲ್ಲು. ಕೋಟೆಯ ಬಂಡೆಗಳನ್ನು ನೋಡಿದವರಿಗೆ ಹೇಳಬೇಕಿಲ್ಲ. ಒಂದು ಕಡೆ ಗ್ರಾನೈಟು ಮತ್ತು ನೈಸ್, ಇನ್ನೊಂದು ಕಡೆ ಭೂವಿಜ್ಞಾನಿಗಳು ಚಿತ್ರದುರ್ಗ ಶಿಸ್ಟ್ ಪಟ್ಟಿ ಎಂದು ಕರೆಯುವ ಬಹಳ ಹಳೆಯ ಕಲ್ಲುಗಳು. ಇಂಥ ನೆಲದಲ್ಲಿ 'ಅಂತರ್ಗಂಗೆ' ನದಿಯಂತೆ ಹರಿಯುವುದಿಲ್ಲ. ನೀರು ಇರುವುದು ಎರಡೇ ಕಡೆ: ಮೇಲ್ಗಡೆ ಕಲ್ಲು ಕೊಳೆತು ಪುಡಿಪುಡಿಯಾದ ಪದರದಲ್ಲಿ, ಮತ್ತು ಅದರ ಕೆಳಗಿನ ಗಟ್ಟಿ ಬಂಡೆಯ ಬಿರುಕುಗಳಲ್ಲಿ. ಮೊದಲನೆಯದು ಹಳೇ ಬಾವಿಗಳ ನೀರು. ಬಹಳ ಕಡೆ ಖಾಲಿಯಾಗಿದೆ. ಎರಡನೆಯದು ಬೋರಿನ ನೀರು. ಬಿರುಕು ಸಿಕ್ಕರೆ ಅದೃಷ್ಟ, ಹತ್ತಡಿ ಆಚೆ ಕೊರೆದರೆ ಬರೀ ಧೂಳು.

ಒಣ ಬಂಡೆ ಕರೆಂಟು ಹರಿಯಲು ಬಿಡುವುದಿಲ್ಲ, ಒದ್ದೆ ಪದರ ಬಿಡುತ್ತದೆ. ಈ ವ್ಯತ್ಯಾಸ ಹಿಡಿದು ನೆಲವನ್ನು ಓದುವ ಕೆಲಸವನ್ನು 1912ರ ಸುಮಾರಿಗೆ ಫ್ರಾನ್ಸಿನಲ್ಲಿ ಕಾನ್ರಾಡ್ ಶ್ಲಂಬರ್ಜೆ ಆರಂಭಿಸಿದರು. ಇಂದಿಗೂ ನಮ್ಮ ಹೊಲಗಳಿಗೆ ಬರುವ ರೆಸಿಸ್ಟಿವಿಟಿ ಸರ್ವೆ ಅದೇ. ಸಾಲಾಗಿ ನಾಲ್ಕು ಗೂಟ ಹೊಡೆಯುತ್ತಾರೆ. ಹೊರಗಿನ ಎರಡರಿಂದ ನೆಲಕ್ಕೆ ಕರೆಂಟು ಬಿಡುತ್ತಾರೆ, ಒಳಗಿನ ಎರಡರಲ್ಲಿ ವೋಲ್ಟೇಜ್ ಅಳೆಯುತ್ತಾರೆ. ಹೊರ ಗೂಟಗಳನ್ನು ದೂರ ದೂರ ಸರಿಸಿದಷ್ಟೂ ಕರೆಂಟು ಆಳಕ್ಕೆ ಇಳಿಯುತ್ತದೆ. ಪ್ರತಿ ದೂರಕ್ಕೂ ಒಂದು ಅಳತೆ. ತಂತಿಗೆ ಸ್ವರಪಟ್ಟಿ ಇದ್ದಂತೆ ನೆಲಕ್ಕೆ ಈ ಅಳತೆಪಟ್ಟಿ. ಮೇಲಿನ ಪಟ್ಟಿಯಿಂದ ಕೆಳಗಿನ ಪದರಗಳನ್ನು ಕಂಡುಹಿಡಿಯಬೇಕು. ಸಮೀಕರಣದ ಮಟ್ಟದಲ್ಲೂ ಈ ಎರಡು ಲೆಕ್ಕಗಳು ಹತ್ತಿರದ ನೆಂಟರು.

1933ರಲ್ಲಿ ಅಮೆರಿಕದ ರುಡಾಲ್ಫ್ ಲ್ಯಾಂಗರ್ ಒಂದು ಮುಖ್ಯವಾದ ಮಾತು ಸಾಧಿಸಿದರು. ನೆಲದ ಗುಣ ಆಳಕ್ಕೆ ತಕ್ಕಂತೆ ಮಾತ್ರ ಬದಲಾಗುವುದಾದರೆ, ಕೆಲವು ಷರತ್ತುಗಳಡಿ, ಮೇಲ್ಮೈಯ ವೋಲ್ಟೇಜ್ ಪೂರ್ತಿಯಾಗಿ ಗೊತ್ತಿದ್ದರೆ ಒಳಗಿರುವುದು ಒಂದೇ ಒಂದು ಉತ್ತರ. ಅದೇ ವರ್ಷ ಲೂಯಿಸ್ ಸ್ಲಿಕ್ಟರ್ ಅದನ್ನು ಸರ್ವೆಗೆ ಬಳಸುವ ಬಗೆ ತೋರಿಸಿದರು. (ಹಿರಿಯೂರಿನವರಿಗೆ 1933 ಬೇರೊಂದು ಕಾರಣಕ್ಕೆ ಗೊತ್ತು. ಆ ವರ್ಷ ಮಾರಿಕಣಿವೆಯ ವಾಣಿವಿಲಾಸ ಸಾಗರ 130 ಅಡಿ ತುಂಬಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಬೋರಿನ ಮೇಲೆ ಈ ಸೀಮೆ ಏಕೆ ಇಷ್ಟು ಆತುಕೊಂಡಿದೆ ಎಂಬುದಕ್ಕೆ ಬೇರೆ ವಿವರಣೆ ಬೇಡ.)

ಮಿಷನ್ ಇಟ್ಟು ನೋಡಿದ್ದೂ ಫೇಲಾಗುವುದೇಕೆ?

ಲ್ಯಾಂಗರ್ ಹೇಳಿದ 'ಪೂರ್ತಿ' ಎಂಬ ಪದದಲ್ಲಿ ಎಲ್ಲವೂ ಅಡಗಿದೆ. ಕಾಗದದ ಮೇಲೆ ಅಳತೆಗಳು ಅಸಂಖ್ಯ ಮತ್ತು ತಪ್ಪಿಲ್ಲದವು. ಹೊಲದಲ್ಲಿ ಹದಿನೈದೋ ಇಪ್ಪತ್ತೋ ಅಳತೆ, ಪ್ರತಿಯೊಂದರಲ್ಲೂ ಸಣ್ಣ ದೋಷ: ಗೂಟ ಒಣ ಮಣ್ಣಿನಲ್ಲಿದೆ, ಪಕ್ಕದಲ್ಲಿ ಕರೆಂಟು ಲೈನಿದೆ, ಬೇಲಿಯ ತಂತಿಯಿದೆ.

ಒಂದು ಲೆಕ್ಕ ನೋಡಿ. ಮೇಲೆ ಒಣ ಮಣ್ಣು, ಕೆಳಗೆ ಗಟ್ಟಿ ಬಂಡೆ, ನಡುವೆ ಕರೆಂಟು ಬಿಡುವ ಒಂದು ಪದರ. ಮೊದಲ ಹೊಲದಲ್ಲಿ ಆ ಪದರ 4 ಮೀಟರ್ ದಪ್ಪ, ರೋಧಶೀಲತೆ 20 ಓಮ್-ಮೀಟರ್. ಎರಡನೆಯದರಲ್ಲಿ 10 ಮೀಟರ್ ದಪ್ಪ, 50 ಓಮ್-ಮೀಟರ್. ದಪ್ಪವನ್ನು ರೋಧಶೀಲತೆಯಿಂದ ಭಾಗಿಸಿ: 4ನ್ನು 20ರಿಂದ ಭಾಗಿಸಿದರೆ 0.2, 10ನ್ನು 50ರಿಂದ ಭಾಗಿಸಿದರೂ 0.2. ಮೇಲಿನಿಂದ ಅಳೆದಾಗ ಮಿಷನ್ನಿಗೆ ಚೆನ್ನಾಗಿ ಕಾಣುವುದು ಈ ಭಾಗಲಬ್ಧ ಮಾತ್ರ. ಹಾಗಾಗಿ ಎರಡು ಹೊಲದ ರೇಖೆಯೂ ಹೆಚ್ಚುಕಡಿಮೆ ಒಂದೇ. ಆದರೆ ಮೊದಲನೆಯದು ಹಿಂಡಿದರೂ ನೀರು ಬಿಡದ ಜೇಡಿ ಇರಬಹುದು. ಎರಡನೆಯದು ನೀರು ತುಂಬಿದ ಕೊಳೆತ ಕಲ್ಲು ಇರಬಹುದು. ಆಕಾರ ಬೇರೆಯಾದರೂ ಸ್ವರ ಒಂದೇ ಆದ ಎರಡು ಡೋಲುಗಳ ನೆನಪಾಯಿತೇ? ಅಲ್ಲಿ ಪೂರ್ತಿ ಪಟ್ಟಿ ಇದ್ದರೂ ಬಗೆಹರಿಯದ ಗೊಂದಲ, ಇಲ್ಲಿ ಪಟ್ಟಿ ಅರೆಬರೆ ಇರುವುದರಿಂದ ಬಂದ ಗೊಂದಲ. ಸಾಲ ತೀರಿಸುವವರಿಗೆ ವ್ಯತ್ಯಾಸವೇನೂ ಇಲ್ಲ.

ಎರಡನೆಯ ತೊಂದರೆ ಬಿರುಕಿನದು. 150 ಮೀಟರ್ ಆಳದಲ್ಲಿ ಒಂದು ಅಡಿಯ ಬಿರುಕು ಮೇಲಿನ ಅಳತೆಯಲ್ಲಿ ಮೂಡಿಸುವ ಗುರುತು, ಅಳತೆಯ ದೋಷಕ್ಕಿಂತ ಎಷ್ಟೋ ಚಿಕ್ಕದು. ಯಾವ ಸಾಫ್ಟ್‌ವೇರೂ ಅದನ್ನು ಹುಟ್ಟಿಸಿ ಕೊಡಲಾರದು. ಸರ್ವೆ ಹೇಳುವುದು ಕೊಳೆತ ಪದರ ಎಷ್ಟು ದಪ್ಪ, ಬಂಡೆ ಎಲ್ಲಿ ಶುರು, ಯಾವ ಕಡೆ ಬಂಡೆ ಒಡೆದಿರುವ ಸಾಧ್ಯತೆ ಹೆಚ್ಚು ಎಂಬುದನ್ನು. 'ಇನ್ನೂರೈವತ್ತಕ್ಕೆ ಎರಡಿಂಚು' ಎಂದು ಹೇಳಲು ಅದಕ್ಕೆ ಸಾಧ್ಯವಿಲ್ಲ. ಹಾಗೆ ಹೇಳುವವರು ಕಾಯಿ ಹಿಡಿದಿರಲಿ, ಲ್ಯಾಪ್‌ಟಾಪ್ ಹಿಡಿದಿರಲಿ, ಅನುಮಾನ ಪಡಿ.

ನೆಲ ಪದರ ಪದರವಾಗಿಲ್ಲದೆ ಎಲ್ಲ ದಿಕ್ಕಿಗೂ ಬದಲಾಗುತ್ತಿದ್ದರೆ ಏನು ಎಂಬ ಪ್ರಶ್ನೆಯನ್ನು ಎತ್ತಿದವರು ಆಲ್ಬೆರ್ಟೊ ಕಾಲ್ಡೆರೋನ್. ಗಣಿತಜ್ಞರಾಗುವ ಮೊದಲು ಅವರು ಅರ್ಜೆಂಟೀನಾದ ಸರ್ಕಾರಿ ತೈಲ ಕಂಪನಿಯಲ್ಲಿ ಎಂಜಿನಿಯರ್. ಆಗಲೇ ತಲೆಗೆ ಬಂದ ಲೆಕ್ಕವನ್ನು ಪ್ರಕಟಿಸಿದ್ದು 1980ರಲ್ಲಿ. 1987ರಲ್ಲಿ ಸಿಲ್ವೆಸ್ಟರ್ ಮತ್ತು ಉಲ್ಮನ್, ಪೂರ್ತಿ ಅಳತೆ ಇದ್ದರೆ ಉತ್ತರ ಒಂದೇ ಎಂದು ತೋರಿಸಿದರು. ಮರುವರ್ಷ ಅಲೆಸ್ಸಾಂಡ್ರಿನಿ ಅದರ ಇನ್ನೊಂದು ಮುಖ ವಿವರಿಸಿದರು: ಉತ್ತರ ಒಂದೇ ಆದರೂ ಅದು ಬಹಳ ಅಲುಗಾಡುವ ಉತ್ತರ. ಅಳತೆಯ ದೋಷ ಹತ್ತು ಪಟ್ಟು ಕಡಿಮೆ ಮಾಡಿದರೂ ಚಿತ್ರ ಸ್ಪಷ್ಟವಾಗುವುದು ಒಂದಿಷ್ಟೇ ಇಷ್ಟು. ಇದು ಮಿಷನ್ನಿನ ಕಂಪನಿಯ ತಪ್ಪಲ್ಲ, ಲೆಕ್ಕದ ಸ್ವಭಾವವೇ ಹಾಗೆ.

ಹಾಗಂತ ಸರ್ವೆ ದಂಡವಲ್ಲ. ನಮ್ಮ ಪಕ್ಕದ ತುಮಕೂರು ಜಿಲ್ಲೆಯ ಅಂಕಸಂದ್ರ ಜಲಾನಯನ ಪ್ರದೇಶದಲ್ಲಿ 2010ರ ದಶಕದಲ್ಲಿ ಕೇಂದ್ರ ಅಂತರ್ಜಲ ಮಂಡಳಿಗಾಗಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಹೆಲಿಕಾಪ್ಟರಿಗೆ ದೊಡ್ಡ ತಂತಿ ಸುರುಳಿ ತೂಗುಹಾಕಿ ನೆಲದ ವಿದ್ಯುತ್ ಗುಣವನ್ನು ಅಳೆಯಿತು. ದೇಶದಲ್ಲಿ ಅದಕ್ಕೆ ಆರಿಸಿದ ಆರು ಜಾಗಗಳಲ್ಲಿ ಅದೊಂದು. ಅಲ್ಲೂ ಮಾಡಿದ್ದು ಇದೇ ವಿಲೋಮ ಲೆಕ್ಕ. ವ್ಯತ್ಯಾಸ ಎಂದರೆ ಒಂದು ಪಾಯಿಂಟ್ ಅಲ್ಲ, ಇಡೀ ಸೀಮೆಯ ಅಳತೆ. ಮತ್ತು ಆಕಾಶದ ಲೆಕ್ಕವನ್ನು ನೆಲದ ಮೇಲಿನ ಸರ್ವೆ ಮತ್ತು ಕೊರೆದ ಬೋರುಗಳ ದಾಖಲೆಯೊಂದಿಗೆ ತಾಳೆ ನೋಡುವುದು.

ಮೊಬೈಲ್ ಆ್ಯಪ್ ನೀರು ತೋರಿಸುತ್ತದೆಯೇ?

ಇಲ್ಲ. ಫೋನಿನಲ್ಲಿ ದಿಕ್ಸೂಚಿಗೆ ಒಂದು ಕಾಂತ ಸಂವೇದಕವಿದೆ, ಅಷ್ಟೇ. ಅದು ಭೂಮಿಯ ಕಾಂತಕ್ಷೇತ್ರವನ್ನು, ಹತ್ತಿರದ ಕಬ್ಬಿಣವನ್ನು ಗುರುತಿಸುತ್ತದೆ. ನೀರಿಗೆ ಅದು ಕುರುಡು. ಪರದೆಯ ಮೇಲೆ ಮುಳ್ಳು ಜಿಗಿದರೆ ಕೆಳಗೆ ಹಳೇ ಪೈಪೋ, ಜೇಬಿನಲ್ಲಿ ಕೀಲಿಕೈಯೋ ಇರಬೇಕು.

ಒಂದೇ ಜಾಗದಲ್ಲಿ ಸೂಟ್‌ಕೇಸಿನಂಥ ಪೆಟ್ಟಿಗೆ ಇಟ್ಟು, 'ಸಾವಿರ ಅಡಿವರೆಗೆ ನೀರು ತೋರಿಸುತ್ತದೆ' ಎನ್ನುವ ವಿಡಿಯೋಗಳೂ ಬರುತ್ತವೆ. ಗೂಟದ ಸರ್ವೆಯಲ್ಲಿ ನೂರು ಮೀಟರ್ ಆಳ ನೋಡಲು ಹೊರ ಗೂಟಗಳ ನಡುವೆ ಸುಮಾರು ನಾಲ್ಕೈದು ನೂರು ಮೀಟರ್ ಬೇಕು. ಸಾವಿರ ಅಡಿ ಎಂದರೆ 305 ಮೀಟರ್. ಅದಕ್ಕೆ ಒಂದು ಕಿಲೋಮೀಟರಿಗಿಂತ ಹೆಚ್ಚು ಉದ್ದದ ಜಾಗ ಬೇಕಾಗುತ್ತದೆ. ನಿಮ್ಮ ಎರಡು ಎಕರೆಯಲ್ಲಿ ಐವತ್ತು ಮೀಟರ್ ವೈರು ಎಳೆದು ಸಾವಿರ ಅಡಿ ನೋಡಿದೆ ಎಂದರೆ ನಂಬಬೇಡಿ.

ಕೊರೆಸುವ ಮೊದಲು

ಸರ್ವೆಯವರನ್ನು ಕರೆಸಿದರೆ ಪಾಯಿಂಟ್ ಮಾತ್ರ ಕೇಳಬೇಡಿ. ಅಳತೆಯ ಹಾಳೆ ಕೇಳಿ, ಫೋಟೋ ತೆಗೆದಿಟ್ಟುಕೊಳ್ಳಿ. ಗೂಟಗಳ ನಡುವಿನ ಗರಿಷ್ಠ ದೂರ ಎಷ್ಟು, ಒಂದೇ ಪಾಯಿಂಟ್ ನೋಡಿದರೋ ನಾಲ್ಕಾರು ಕಡೆ ಹೋಲಿಸಿದರೋ ಕೇಳಿ. ಇದೇ ಅಳತೆಗೆ ಹೊಂದುವ ಇನ್ನೊಂದು ಉತ್ತರ ಯಾವುದು ಎಂದೂ ಕೇಳಿ. ಕೆಲಸ ಬಲ್ಲವರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಜಿಲ್ಲೆಯಲ್ಲಿ ಅಂತರ್ಜಲ ಇಲಾಖೆಯ ಭೂವಿಜ್ಞಾನಿಗಳಿದ್ದಾರೆ, ಅವರನ್ನೂ ಕೇಳಬಹುದು. ಜಿಲ್ಲೆಯ ಹಲವು ತಾಲ್ಲೂಕುಗಳು ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿವೆ. ಅಂಥ ಅಧಿಸೂಚಿತ ಪ್ರದೇಶದಲ್ಲಿ ಹೊಸ ಬೋರಿಗೆ 2011ರ ಕರ್ನಾಟಕ ಅಂತರ್ಜಲ ಕಾಯ್ದೆಯ ಪ್ರಕಾರ ಅನುಮತಿಯೂ ಬೇಕು.

'ಇಂಚು' ಲೆಕ್ಕದಲ್ಲೂ ಹುಷಾರು. ಬೋರಿನವರು ವಿ ಆಕಾರದ ಕಚ್ಚಿನ ತಗಡು ಇಟ್ಟು ಅದರಲ್ಲಿ ನೀರಿನ ಎತ್ತರ ಅಳೆಯುತ್ತಾರೆ. ಎತ್ತರ ಎರಡರಷ್ಟಾದರೆ ನೀರು ಎರಡರಷ್ಟಲ್ಲ, ಐದೂವರೆ ಪಟ್ಟಿಗಿಂತ ಹೆಚ್ಚು. ನೇರ ಕೋನದ ಕಚ್ಚಿನಲ್ಲಿ ಒಂದು ಇಂಚೆಂದರೆ ಗಂಟೆಗೆ ಸುಮಾರು 500 ಲೀಟರ್, ಎರಡು ಇಂಚೆಂದರೆ ಸುಮಾರು 2,900 ಲೀಟರ್. 'ಒಂದಿಂಚು ಬಂತು, ಎರಡಿಂಚಿನ ಅರ್ಧ ಆಯ್ತಲ್ಲ' ಎಂದು ತೋಟದ ಲೆಕ್ಕ ಹಾಕಿದರೆ ಗಿಡ ಒಣಗುತ್ತವೆ.

ಎಲ್ಲಕ್ಕಿಂತ ಅಗ್ಗದ ಮಾಹಿತಿ ಪಕ್ಕದ ಹೊಲದಲ್ಲಿದೆ. ಎರಡು ಉತ್ತರ ಒಂದೇ ರೇಖೆಗೆ ಹೊಂದುವಾಗ ಯಾವುದು ನಿಜ ಎಂದು ತೀರ್ಮಾನಿಸಲು ಬೇಕಾದದ್ದು ಎರಡನೆಯ ಪಟ್ಟಿ, ಬೋರ್ಗ್ ತಂತಿಗೆ ಕೇಳಿದ ಹಾಗೆ. ಹತ್ತಿರದ ಬೋರಿನಲ್ಲಿ ಎಷ್ಟು ಅಡಿ ಕೇಸಿಂಗ್ ಇಳಿಯಿತು ಎಂಬುದೊಂದೇ ಗೊತ್ತಾದರೂ ಕೊಳೆತ ಪದರದ ದಪ್ಪ ತಿಳಿಯುತ್ತದೆ; 4 ಮೀಟರೋ 10 ಮೀಟರೋ ಎಂಬ ಗೊಂದಲ ಅಲ್ಲಿಗೇ ಅರ್ಧ ಕಳೆಯುತ್ತದೆ. ಆದ್ದರಿಂದ ರಿಗ್ ಬಂದ ದಿನ ವಿಡಿಯೋ ಮಾಡುವ ಬದಲು ಒಂದು ನೋಟ್‌ಬುಕ್ ಹಿಡಿದು ನಿಲ್ಲಿ: ಕೇಸಿಂಗ್ ಎಷ್ಟು ಅಡಿ, ಪುಡಿಯ ಬಣ್ಣ ಎಷ್ಟನೇ ಅಡಿಗೆ ಬದಲಾಯಿತು, ರಾಡು ಎಲ್ಲಿ ಸರಕ್ಕನೆ ಇಳಿಯಿತು, ಮೊದಲ ತೇವ ಎಲ್ಲಿ, ಮೊದಲ ನೀರು ಎಲ್ಲಿ, ನಿಲ್ಲಿಸಿದ್ದು ಎಲ್ಲಿ. ಬೋರು ಫೇಲಾದರೂ ಇದನ್ನು ಬರೆದಿಡಿ. ಫೇಲಾದದ್ದನ್ನಂತೂ ಖಂಡಿತ ಬರೆದಿಡಿ, ಊರಿನ ಗುಂಪಿಗೆ ಹಾಕಿ, ಜೊತೆಗೆ ಸರ್ವೆ ನಂಬರ್.